ಬಾವಿ ಪಕ್ಕದ ಕ್ರಾಸ್‌ಓವರ್

ನನ್ನ ಮನೆ ಮಾಲೀಕನೂ ಗೆಳೆಯನೂ ಆದ ನಂದಕುಮಾರ್ ಒಂದಂಗುಲ ಜಾಗವನ್ನೂ ಬಾಡಿಗೆಯಿಲ್ಲದೆ ಬಿಟ್ಟವನಲ್ಲ. ಸುದ್ದಗುಂಟೆಪಾಳ್ಯದಲ್ಲಿ ಅಪ್ಪನ ಹೊಲವಿದ್ದ ಜಾಗದಲ್ಲಿ ನಾಲ್ಕು ಮಹಡಿಯ ಪಿಜಿ ಎಬ್ಬಿಸಿ, ಮೆಟ್ಟಿಲ ಕೆಳಗಿನ ಸಂದಿಯನ್ನೂ ಇಸ್ತ್ರಿಯವನಿಗೆ ಕೊಟ್ಟಿದ್ದಾನೆ. ಅಂಥವನು ಎರಡೇ ಕಡೆ ಧಾರಾಳಿ. ತಾರಸಿಯ ಮೇಲಿನ ದೊಡ್ಡ ಕೋಣೆ ಅವನ ಆಟದ ರೈಲಿಗೆ. ನೆಲಮಹಡಿಯ ಮೂಲೆ ಕೋಣೆಗೆ ಸದಾ ಬೀಗ. ಆ ಕೋಣೆಯ ನೆಲ ಬೇಸಿಗೆಯಲ್ಲೂ ಬೆವರುತ್ತದೆ. ಅದರ ಮುಂದೆ ಹಾಯುವಾಗ ಅವನ ತಾಯಿ ಗೌರಮ್ಮ ಮಾತಿನ ನಡುವೆಯೇ ಸುಮ್ಮನಾಗುತ್ತಾರೆ. ಕೆಳಗಿರುವುದು ಪಿಜಿ ಕಟ್ಟುವಾಗ ಮುಚ್ಚಿಸಿದ ಹಳೆಯ ಬಾವಿ. ನಂದನ ತಂಗಿ ಹಂಸಾ ಐದು ತುಂಬುವ ಮೊದಲೇ ಬಿದ್ದು ಸತ್ತದ್ದು ಅದರಲ್ಲಿ.

ತಾರಸಿಯ ಕೋಣೆಯಲ್ಲಿ ಹಲಗೆಗಳ ಮೇಲೆ ಅವನು ಮಾಡಿಟ್ಟಿರುವುದು ಆ ಕಾಲದ ಊರು. ರಾಗಿ ಹೊಲ, ಹುಣಸೆ ಮರ, ಹೆಂಚಿನ ಮನೆ, ಬಾವಿ. ರೈಲೇ ಕಾಣದ ಊರಿಗೆ ಅಕ್ಕಪಕ್ಕ ಎರಡು ಹಳಿ ಹಾಸಿ, ಸ್ಟೇಷನ್ ಬೇರೆ ಕಟ್ಟಿದ್ದ. ನಾನು ಗೇಲಿ ಮಾಡುತ್ತಿದ್ದೆ, ಆದರೂ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ.

ಒಂದು ಹಳಿಯಿಂದ ಪಕ್ಕದ ಹಳಿಗೆ ರೈಲು ದಾಟಿಸುವ ಕ್ರಾಸ್‌ಓವರ್ ಬೇಕೆಂದು ನಂದ ಹಠ ಹಿಡಿದ. ಅದಕ್ಕೆ ಎರಡು ಪಾಯಿಂಟ್ ಬೇಕು, ಅಂದರೆ ಕವಲೊಡೆಯುವ ಹಳಿ. ಮೊದಲು ಮಹರಾಯ ಎಡಕ್ಕೆ ತಿರುಗುವುದೊಂದು, ಬಲಕ್ಕೆ ತಿರುಗುವುದೊಂದು ತಂದ, ಚಪ್ಪಲಿ ಜೋಡಿ ಕೊಂಡ ಹಾಗೆ. ಎರಡೂ ಒಂದೇ ಕಡೆಯವಾಗಬೇಕೆಂದು ಗೊತ್ತಾದದ್ದು ಜೋಡಿಸಲು ಹೋದಾಗ. ಆಮೇಲೆ ಜಾಗ ಉಳಿಯಲೆಂದು ಗಿಡ್ಡ ಪಾಯಿಂಟುಗಳನ್ನು ತಂದ. ಗಿಡ್ಡವುಗಳಲ್ಲಿ ತಿರುವು ಜೋರು, ಉದ್ದನೆಯ ಬೋಗಿಯ ಬಾಲ ಆಚೆಗೆ ಬೀಸುತ್ತದೆ. ಬೀಸುವ ಕಡೆಯೇ ಬಾವಿಯ ಕಟ್ಟೆ ಇತ್ತು.

ಬೋಗಿ ಕಟ್ಟೆಗೆ ಬಡಿದು ಮಗುಚಿತು. ವೇಗ ತಗ್ಗಿಸಿದ, ಮಗುಚಿತು. ಬೇರೆ ಬೋಗಿ ಹಾಕಿದ. ಅದು ಬಾವಿಯ ಮೇಲೇ ವಾಲಿ, ಅರ್ಧ ಒಳಗೆ ತೂಗಿತು. ನಂದ ಅದನ್ನು ಎತ್ತಲಿಲ್ಲ. ಒಳಗಿನಿಂದ ಯಾರೋ ಕರೆಯುತ್ತಿದ್ದಾರೆಂಬಂತೆ ಬಗ್ಗಿ ಕಿವಿಗೊಟ್ಟು ನಿಂತ.

“ಕಟ್ಟೆ ಒಂಚೂರು ಉಜ್ಜಿಬಿಡು ನಂದ, ಮುಗೀತು,” ಅಂದೆ.

“ಕಟ್ಟೆ ಮುಟ್ಟಲ್ಲ.”

“ಹಾಗಾದ್ರೆ ಉದ್ದದ ಪಾಯಿಂಟೇ ಹಾಕ್ಬೇಕು. ಅದಕ್ಕೆ ಜಾಗ ಬೇಕಂದ್ರೆ ಸ್ಟೇಷನ್ ಪೂರ್ತಿ ಕೀಳ್ಬೇಕಾಗತ್ತೆ.”

“ಕೀಳ್ತೀನಿ.”

ನನಗೆ ಸಿಟ್ಟು ಬಂತು. ವರ್ಷವಿಡೀ ಕೂತು ಕಟ್ಟಿದ ಸ್ಟೇಷನ್ ಅದು. “ನಿಜವಾದ ಬಾವೀನೇ ಮುಚ್ಚಿಸ್ದೋನು, ಈ ಗೊಂಬೆ ಕಟ್ಟೆಗೇನಪ್ಪ?” ಎಂದು ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

ಅವನು ರೇಗಲಿಲ್ಲ. “ಅದಕ್ಕೇ ಗುರು,” ಅಂದ. “ಮಣ್ಣು ಹಾಕ್ಸೋವಾಗ ನಾನು ಬೆನ್ನು ತಿರುಗ್ಸಿ ನಿಂತಿದ್ದೆ. ಅವಳು ಕೆಳಗಿಂದ ನೋಡ್ತಾವ್ಳೆ ಅನ್ನಿಸ್ತಿತ್ತು. ಈಗ್ಲೂ ಅನ್ಸತ್ತೆ. ಇನ್ನೊಂದ್ಸಲ ನನ್ ಕೈಲಾಗಲ್ಲ.”

ಹೇಳಿದಂತೆಯೇ ನಂದ ಸ್ಟೇಷನ್ ಕಿತ್ತ. ಬೇರೆ ಬೇರೆ ಪಾಯಿಂಟುಗಳ ಕಾಗದದ ನಮೂನೆಗಳನ್ನು ಹಲಗೆಯ ಮೇಲೆ ಹಾಸಿ, ಅವುಗಳ ಗೆರೆಯ ಮೇಲೆ ಬೋಗಿಯನ್ನು ಕೈಯಲ್ಲೇ ತಳ್ಳಿ, ಕಟ್ಟೆಗೂ ಬೋಗಿಗೂ ನಡುವೆ ಬೆರಳು ತೂರಿಸಿ ನೋಡಿದ. ಕೊನೆಗೆ ಎಲ್ಲಕ್ಕಿಂತ ಉದ್ದದ್ದನ್ನೇ ಆರಿಸಿದ.

ಹಳಿ ಕೂರಿಸಿದ ದಿನ ಗೌರಮ್ಮ ಮೊದಲ ಸಲ ತಾರಸಿ ಹತ್ತಿ ಬಂದರು. ರೈಲು ಬಾವಿಯ ಪಕ್ಕ ಹಾದು, ಎಲ್ಲೂ ತಾಗದೆ ಆಚೆ ಹಳಿಗೆ ದಾಟಿತು. ನಾನು ಚಪ್ಪಾಳೆ ತಟ್ಟಿದೆ. ಗೌರಮ್ಮ ರೈಲನ್ನು ನೋಡಲೇ ಇಲ್ಲ. ಬಗ್ಗಿ, ಬಾವಿ ಕಟ್ಟೆಯ ಸುತ್ತ ಒಂದು ಬೆರಳು ಆಡಿಸಿದರು.

“ಈ ಕಟ್ಟೆ ಎಲ್ಲಿತ್ತೋ ನಂದ?” ಅಂದರು. “ನೆಲಮಟ್ಟಕ್ಕೇ ಬಾಯಿ ಬಿಟ್ಕೊಂಡಿತ್ತಲ್ಲೋ. ಸುಗ್ಗಿ ಮುಗೀಲಿ, ಕಟ್ಟುಸ್ತೀನಿ ಅಂತಾನೇ ಇದ್ರು ನಿಮ್ಮಪ್ಪ.”

ಕಟ್ಟೆ ಉಜ್ಜು ಎಂದ ನನ್ನ ನಾಲಿಗೆಗೆ ಅವತ್ತು ನಾಚಿಕೆಯಾಯಿತು. ನಂದ ರೈಲು ನಿಲ್ಲಿಸಿದ.

“ಗೊತ್ತಮ್ಮ,” ಅಂದ. “ಕಿತ್ತಾಕ್ಲಾ?”

ಗೌರಮ್ಮ ಆ ಪುಟ್ಟ ಬಾವಿಯೊಳಗೆ ಇಣುಕಿದರು. ಅಲ್ಲಿಂದ ಕಣ್ಣು ಕೀಳದೆ ಹೇಳಿದರು:

“ಬ್ಯಾಡ ಕಣಪ್ಪ. ಇನ್ನೊಂದು ವರಸೆ ಕಲ್ಲು ಏರ್ಸು. ಇಷ್ಟೇ ಆದ್ರೆ ಅವಳು ಹತ್ಬುಡ್ತಾಳೆ.”