ವಾಲ್ವಿನ ಮೇಲಿನ ಕುಂಕುಮ

ನನ್ನ ಹೆಂಡತಿ ರಾಜೇಶ್ವರಿಗೆ ಎಣ್ಣೆ ಎಂದರೆ ಆಗಿಬರುವುದಿಲ್ಲ. ನಾನೋ ಅಮರಗೋಳದ ಮಾರುಕಟ್ಟೆಯಲ್ಲಿ ಎಣ್ಣೆ ತೆಗೆಯುವ ಹತ್ತಿಕಾಳಿನ ವ್ಯಾಪಾರ ಮಾಡುವವನು. ಸಂಜೆ ನವನಗರದ ಮನೆಗೆ ಬಂದರೆ ನನ್ನ ಅಂಗಿ ಹೊರಗಿನ ಗೂಟಕ್ಕೇ ನೇತಾಡಬೇಕು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಆಕೆ ತನ್ನ ಕೈಯನ್ನು ತಾನೇ ಮೂಸಿ ನೋಡಿಕೊಳ್ಳುತ್ತಾಳೆ. ಮದುವೆಯಾದ ಹೊಸತರಲ್ಲಿ ಇದೆಂಥ ಹುಚ್ಚಪ್ಪಾ ಎನಿಸಿತ್ತು ನನಗೆ.

ಆಕೆಯ ಕೆಲಸವೇ ಅಂಥದ್ದು. ಧಾರವಾಡದ ಹತ್ತಿರ ಆಸ್ಪತ್ರೆಗಳಿಗೆ ಆಕ್ಸಿಜನ್ ತಯಾರಿಸುವ ಒಂದು ಕಾರ್ಖಾನೆಯಿದೆ. ಅಲ್ಲಿ ಆಕ್ಸಿಜನ್ ಸೊನ್ನೆಗಿಂತ ನೂರೆಂಬತ್ತು ಡಿಗ್ರಿಗೂ ಕೆಳಗಿನ ಚಳಿಯಲ್ಲಿ ನೀರಿನಂತೆ ಹರಿಯುತ್ತದೆ. ಅದು ಹರಿಯುವ ಪೈಪುಗಳ ಕೆಲಸವನ್ನು ಯಾರೂ ಕಾಲೇಜಿನಲ್ಲಿ ಕಲಿತು ಬರುವುದಿಲ್ಲ. ಹೊಸ ಇಂಜಿನಿಯರುಗಳಿಗೆ ಕಲಿಸುವವಳು ರಾಜೇಶ್ವರಿ. ಕಂಪನಿಯ ದಪ್ಪ ಪುಸ್ತಕ ಹಿಡಿದರೆ ಹುಡುಗರು ಆಕಳಿಸುತ್ತಾರೆಂದು ಆಕೆ ಒಂದು ಪಾಠದ ಕೋಣೆಯನ್ನೇ ಮಾಡಿಕೊಂಡಿದ್ದಾಳೆ. ಹಳೆಯ ವಾಲ್ವುಗಳನ್ನು ಸೀಳಿಸಿ, ಹೊಟ್ಟೆ ಕಾಣುವಂತೆ ಇಟ್ಟಿದ್ದಾಳೆ. ರಬ್ಬರ್ ನಳಿಗೆಯನ್ನು ದ್ರವ ಸಾರಜನಕದಲ್ಲಿ ಅದ್ದಿ ಹಪ್ಪಳದಂತೆ ಮುರಿದು ತೋರಿಸುತ್ತಾಳೆ. ಚಳಿಗೆ ಪೈಪು ಹೇಗೆ ಕುಗ್ಗುತ್ತದೆ, ಅದಕ್ಕೆ ಎಲ್ಲಿ ಬಾಗು ಕೊಡಬೇಕು ಎಂಬುದನ್ನೆಲ್ಲ ನಮ್ಮ ಮಾತಿನಲ್ಲೇ ವಿಡಿಯೊ ಮಾಡಿಟ್ಟಿದ್ದಾಳೆ.

ಮೊದಲ ಪಾಠ ಮಾತ್ರ ಎಣ್ಣೆಯದು. ಆಕ್ಸಿಜನ್ ಪೈಪಿನಲ್ಲಿ, ಅದರ ಜೋಡಣೆಯಲ್ಲಿ ಒಂದಿಷ್ಟು ಜಿಡ್ಡು ಉಳಿದರೂ ಅದು ಭಗ್ಗನೆ ಹೊತ್ತಿಕೊಂಡೀತು, ಎದುರಿಗಿದ್ದವರು ಉಳಿಯುವುದು ಕಷ್ಟ. ಅದಕ್ಕೇ ಹೊಸ ಪೈಪಿಗೆ ಆಕ್ಸಿಜನ್ ಬಿಡುವ ಮೊದಲು ಪ್ರತಿ ಜೋಡಣೆಯನ್ನೂ ಒಂದೊಂದು ಬಿಳಿ ಅರಿವೆಯಿಂದ ಉಜ್ಜಿ, ಆ ಅರಿವೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಬೇಕು. ಕಲೆ ಕಂಡರೆ ಕೆಲಸ ನಿಲ್ಲಬೇಕು.

"ಯಾರ ಮಾರಿನೂ ನೋಡಬ್ಯಾಡ್ರಿ, ಅರಿವಿ ನೋಡ್ರಿ," ಎಂಬುದು ಆಕೆಯ ಮಾತು. ಕೆಲಸದಲ್ಲಿ ಮುಖದಾಕ್ಷಿಣ್ಯ ಬೇಡ ಎಂದರ್ಥ. ಮನೆಯಲ್ಲೂ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

ಕಳೆದ ಮಹಾನವಮಿಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಕಾರ್ಖಾನೆಯವರು ಮನೆಮಂದಿಯನ್ನೂ ಕರೆದಿದ್ದರು. ನಮ್ಮವ್ವ ಚನ್ನಬಸವ್ವ ಸೊಸೆಯ ಕಾರ್ಖಾನೆ ನೋಡುವ ಹಿಗ್ಗಿನಲ್ಲಿ ಇಳಕಲ್ ಸೀರೆ ಉಟ್ಟು ಹೊರಟಳು. ಪೂಜೆ ಗೇಟಿನ ಹತ್ತಿರ, ಮೇಜಿನ ಮೇಲೆ ನಟ್ಟು ಬಿಗಿಯುವ ಪಾನಾಗಳನ್ನಿಟ್ಟು ಮಾಡುವುದು. ಪೈಪುಗಳ ಬಳಿ ದೀಪವಿಲ್ಲ, ಎಣ್ಣೆಯಿಲ್ಲ. ಅದು ರಾಜೇಶ್ವರಿಯೇ ಮಾಡಿದ ಕಟ್ಟಳೆ. ಆದರೆ ಅದನ್ನು ಅವ್ವನಿಗೆ ಯಾರು ಹೇಳಬೇಕು? ನುಣ್ಣನೆಯ ಪಾನಾಗಳ ಮೇಲೆ ಒಣ ಕುಂಕುಮ ನಿಲ್ಲಲಿಲ್ಲವೆಂದು ಅವ್ವ ದೀಪದ ಎಣ್ಣೆಯನ್ನೇ ನಾಲ್ಕು ಹನಿ ಬಟ್ಟಲಿಗೆ ಹಾಕಿ ಕಲಸಿದಳು. ಪೂಜೆ ಮುಗಿದ ಮೇಲೆ ಮ್ಯಾನೇಜರು ಎಲ್ಲರನ್ನೂ ಹೊಸ ಪೈಪು ತೋರಿಸಲು ಕರೆದೊಯ್ದರು. ಮರುದಿನ ಅದಕ್ಕೆ ಆಕ್ಸಿಜನ್ ಬಿಡುವುದಿತ್ತು. ಬಟ್ಟಲು ಅವ್ವನ ಕೈಯಲ್ಲೇ ಇತ್ತು. ಯಾರೂ ಏನೂ ಅನ್ನುವುದರೊಳಗೆ ಅವಳು ವಾಲ್ವಿನ ಜೋಡಣೆಗೆ ಮೂರು ಬೆರಳು ಕುಂಕುಮ ಎಳೆದು ಕೈಮುಗಿದಳು.

"ಹಿರ್ಯಾರ ಕೈ ಹತ್ತಿತು, ಇನ್ನೇನು ಬೇಕ್ರಿ!" ಎಂದರು ಮ್ಯಾನೇಜರು.

ಕುಂಕುಮದಲ್ಲಿ ಎಣ್ಣೆ ಮಿನುಗುವುದನ್ನು ರಾಜೇಶ್ವರಿ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ನಾವೆಲ್ಲ ಚುರಮುರಿ, ಪೇಢೆಯ ಕಡೆ ನಡೆದಾಗ ಒಬ್ಬಳೇ ಹಿಂದೆ ಉಳಿದು, ಸೆರಗಿನಿಂದ ಕುಂಕುಮವನ್ನು ಒರೆಸಿ ಬಂದಳು. ಹೊಸದಾಗಿ ಸೇರಿದ್ದ ಇಂಜಿನಿಯರು ಮಾನಸಿ ಸ್ವಲ್ಪ ದೂರದಲ್ಲಿ ನಿಂತಿದ್ದಳಂತೆ. ಮನೆಗೆ ಬರುವಾಗ ಕಾರಿನಲ್ಲಿ ಅವ್ವನ ಮಾತು ನಿಲ್ಲಲೇ ಇಲ್ಲ. ರಾಜೇಶ್ವರಿ ಸೆರಗನ್ನು ಮುದುರಿ ಹಿಡಿದುಕೊಂಡು ಕೂತಿದ್ದಳು.

ಮರುದಿನ ಪರೀಕ್ಷೆ ಮಾಡುವ ಸರದಿ ಮಾನಸಿಯದು. ಎಲ್ಲ ಸರಿಯಾಗಿದೆ ಎಂದು ಹೇಳಿ ಅವಳು ಅರಿವೆಗಳನ್ನು ಹರಡಿದಳು. ಮ್ಯಾನೇಜರು ಆಕ್ಸಿಜನ್ ಬಿಡಲು ಕೈ ಎತ್ತಿ ಸನ್ನೆ ಮಾಡುವುದರಲ್ಲಿದ್ದರು. ಸಾಲಿನಲ್ಲಿ ಒಂದು ಅರಿವೆಯ ಮಡಿಕೆಯೇ ಬಿಚ್ಚಿರಲಿಲ್ಲ.

"ಇದನ್ಯಾಕ ಉಜ್ಜಿಲ್ಲವಾ?" ಎಂದಳು ರಾಜೇಶ್ವರಿ.

ಮಾನಸಿ ತಲೆ ತಗ್ಗಿಸಿದಳು. "ಆ ವಾಲ್ವನ್ನ ನಿನ್ನೆ ನೀವ ಒರಿಸಿದ್ರಲ್ರಿ ಮೇಡಂ. ನೀವು ಒರಿಸಿದ್ದರ ಮ್ಯಾಲೆ ಮತ್ತ ನಾ ಹೆಂಗ ಉಜ್ಜಲ್ರಿ? ನಿಮ್ಮನ್ನ ನಂಬೂದಿಲ್ಲ ಅಂದಂಗ ಆಗತೈತಿ."

ರಾಜೇಶ್ವರಿ ಆ ಅರಿವೆಯನ್ನು ತಾನೇ ತೆಗೆದುಕೊಂಡು ಹೋಗಿ ಜೋಡಣೆಯ ಸಂದಿಯಲ್ಲಿ ಉಜ್ಜಿದಳು. ಅರಿವೆ ಕೆಂಪಗಾಯಿತು. ಹೊಸ ಹುಡುಗರೆಲ್ಲ ಸುತ್ತ ನಿಂತಿದ್ದರು. "ಇವತ್ತ ಬಿಡೂದು ಬ್ಯಾಡ್ರಿ. ಇದು ನನ್ನ ತಪ್ಪು, ಈ ಹುಡುಗೀದಲ್ಲ," ಎಂದು ಮ್ಯಾನೇಜರಿಗೆ ಹೇಳಿದಳು. ಜೋಡಣೆ ಬಿಚ್ಚಿದರು, ತೊಳೆದರು, ಒಣಗಿಸಿದರು. ಮಾನಸಿ ಕಣ್ಣಿಗೆ ಬಿದ್ದಾಗಲೆಲ್ಲ ರಾಜೇಶ್ವರಿಗೆ ಮುಖ ಎತ್ತಲಾಗಲಿಲ್ಲ. ತಾನು ಬಾಯಲ್ಲಿ ಹೇಳಿದ್ದನ್ನಲ್ಲ, ನಿನ್ನೆ ಮಾಡಿದ್ದನ್ನೇ ಆ ಹುಡುಗಿ ಕಲಿತಿದ್ದಳು.

ಅಂದು ಸಂಜೆ ಅವ್ವ ಕೇಳಿದಳು, "ಹೊಸಾದು ಚಾಲೂ ಆತೇನ ರಾಜವ್ವಾ?"

ರಾಜೇಶ್ವರಿ ಎಲ್ಲವನ್ನೂ ಹೇಳಿದಳು. ಅವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಸಾರಿಗೆ ಉಪ್ಪು ಹೆಚ್ಚಾದ್ರ ಮಾರಿ ಮ್ಯಾಲೆ ಹೇಳತಿದ್ದೆಲ್ಲವಾ, ಇದನ್ಯಾಕ ಹೇಳಲಿಲ್ಲ?"

"ಅಷ್ಟ ಮಂದ್ಯಾಗ ನಿಮಗ ಕೆಟ್ಟ ಅನಸೀತಂತ, ಅತ್ತಿ..."

"ನನಗ ಕೆಟ್ಟ ಅನಸಿದ್ರ ಎರಡ ದಿನ ಸಿಟ್ಟಾಗಿ ಕೂಡತಿದ್ದೆ. ಆ ಮಂದಿ ಮಕ್ಕಳು ಸುಟ್ಟ ಹೋಗಿದ್ರ ನಾ ಅವರವ್ವಗ ಯಾವ ಮಾರಿ ತೋರಸಬೇಕಿತ್ತು?"

ರಾಜೇಶ್ವರಿ ಅಡುಗೆಮನೆಗೆ ಹೋಗಿ ಅತ್ತಳು. ನಾನು ಹಿಂದೆ ಹೋಗಿ ಕುಡಿಯಲು ನೀರು ಕೊಟ್ಟೆ.

ಈಗ ಮತ್ತೊಂದು ತಂಡ ಬಂದಿದೆ. ಮೊದಲ ಪಾಠಕ್ಕೆ ಆಕೆ ಆ ಕೆಂಪು ಅರಿವೆಯನ್ನೇ ಮೇಜಿನ ಮೇಲೆ ಹರಡಿ, ನಡೆದದ್ದನ್ನು ಮುಚ್ಚಿಡದೆ ಹೇಳುತ್ತಾಳೆ. ಆದರೆ ಯಾರ ಮುಖವನ್ನೂ ನೋಡಬೇಡಿ ಎಂಬ ಆ ಮಾತು ಬಂದಾಗ ಆಕೆಯ ನಾಲಿಗೆ ಏಳುವುದಿಲ್ಲ. ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ. ಅದನ್ನು ಮಾನಸಿ ಹೇಳುತ್ತಾಳೆ.