ಕಾಪುವಿನ ಕೀ, ಕುಕ್ಕುಂದೂರಿನ ಕೀ

ಮೊನ್ನೆ ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ವಿಚಿತ್ರ ವ್ಯವಹಾರ ನಡೆಯಿತು. ಕಾಪು ಬಸ್ಸಿನಿಂದ ಇಳಿದ ಒಂದು ಸಂಸಾರ, ಕಾರ್ಕಳ ಬಸ್ಸಿನಿಂದ ಇಳಿದ ಇನ್ನೊಂದು ಸಂಸಾರ ಎದುರುಬದುರು ನಿಂತವು. ಈ ಹೆಂಗಸು ತನ್ನ ಮನೆಯ ಕೀ ಕೊಟ್ಟಳು. ಆ ಹೆಂಗಸು ತನ್ನ ಮನೆಯ ಕೀ ಕೊಟ್ಟಳು. ಆಮೇಲೆ ಇವರು ಕಾರ್ಕಳ ಬಸ್ಸು ಹತ್ತಿದರು, ಅವರು ಕಾಪು ಬಸ್ಸು ಹತ್ತಿದರು.

ನೋಡುತ್ತಾ ನಿಂತಿದ್ದ ಕಂಡಕ್ಟರ್‌ಗೆ ತಡೆಯಲಾಗಲಿಲ್ಲ. “ಎಂತ ಮಾರಾಯ್ರೆ, ಮನೆ ಬದಲಾಯಿಸುವುದಾ?”

“ಹೌದು,” ಎಂದೆ, ಕಾಪುವಿನ ಕೀ ಕೊಟ್ಟಿದ್ದ ನಾನು. “ಭಾನುವಾರದವರೆಗೆ.”

ಅವರು ಮತ್ತೇನೂ ಕೇಳದೆ ಟಿಕೆಟ್ ಹರಿದು ಕೊಟ್ಟರು. ನಮ್ಮ ಫ್ಯಾಮಿಲಿ ಟೂರ್ ಶುರುವಾದದ್ದು ಹೀಗೆ.

ಟೂರ್ ಎಂದರೆ ನಮ್ಮ ಮನೆಯಲ್ಲಿ ಪ್ರತಿ ವರ್ಷ ನಡೆಯುವ ಒಂದು ಚರ್ಚೆ, ಅಷ್ಟೆ. ನನ್ನ ಗಂಡ ಸದಾಶಿವ ಮಲ್ಪೆಯಿಂದ ಮೀನು ಸಾಗಿಸುವ ಟೆಂಪೋ ಓಡಿಸುತ್ತಾರೆ. ನಾನು ಮಣಿಪಾಲದ ಒಂದು ಲೇಡೀಸ್ ಹಾಸ್ಟೆಲ್‌ನ ಆಫೀಸಿನಲ್ಲಿ ಕೂರುತ್ತೇನೆ. ಎರಡು ಸಂಬಳ ಸೇರಿಸಿದರೂ ತಿಂಗಳ ಕೊನೆಗೆ ಅವು ಒಂದನ್ನೊಂದು ಹುಡುಕುತ್ತಿರುತ್ತವೆ. ರಜೆ ಬಂದಾಗ ನಾನು ಮೊಬೈಲಿನಲ್ಲಿ ‘ಕಡಿಮೆ ಖರ್ಚಿನಲ್ಲಿ ಫ್ಯಾಮಿಲಿ ಟೂರ್’ ಎಂಬ ವಿಡಿಯೋ ನೋಡುತ್ತೇನೆ. ಆ ಕಡಿಮೆ ಖರ್ಚು ಯಾರ ಲೆಕ್ಕದಲ್ಲಿ ಕಡಿಮೆ ಎಂದು ಅವರು ಹೇಳುವುದಿಲ್ಲ. ರೂಮಿನ ಬಾಡಿಗೆ ಬಂದ ಜಾಗದಲ್ಲಿ ವಿಡಿಯೋ ಬಂದ್ ಮಾಡುತ್ತೇನೆ.

ತಮಾಷೆ ಏನು ಗೊತ್ತೇ? ನಮ್ಮ ಕಾಪುವಿನ ಮನೆಯಿಂದ ಕೂಗಳತೆಯಲ್ಲಿ ಜನ ದುಡ್ಡು ಕೊಟ್ಟು ಮಲಗುತ್ತಾರೆ. ಅಲೆಯ ಸದ್ದು ಕೇಳಲಿಕ್ಕಂತೆ. ನಾವು ಅದೇ ಸದ್ದಿಗೆ ಕಿಟಕಿ ಮುಚ್ಚಿ ಮಲಗುತ್ತೇವೆ. (ಉಪ್ಪುಗಾಳಿಗೆ ಕಬ್ಬಿಣದ ಬೀರು ತುಕ್ಕು ಹಿಡಿಯುವುದನ್ನು ಯಾವ ಪ್ರವಾಸಿಯೂ ಫೋಟೋ ತೆಗೆಯುವುದಿಲ್ಲ.)

ಆದರೆ ದುಡ್ಡಿನ ಮಾತು ಆಮೇಲೆ. ನಾವು ಎಲ್ಲಿಗೂ ಹೋಗದಿರಲು ಅದಕ್ಕಿಂತ ದೊಡ್ಡ ಕಾರಣ ಒಂದಿತ್ತು. ನಮ್ಮದು ದೈವದ ಕೋಣೆ ಇರುವ ಮನೆ. ಮುಸ್ಸಂಜೆಗೆ ಅಲ್ಲಿ ದೀಪ ಹಚ್ಚಲೇಬೇಕು. ಮಳೆ ಇರಲಿ, ಜ್ವರ ಇರಲಿ, ಮದುವೆ ಮನೆಯ ಕರೆ ಇರಲಿ. ಹಚ್ಚುವವರು ನನ್ನ ಅತ್ತೆ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ಹೊರಗೆ ಒಂದು ರಾತ್ರಿ ಕಳೆದವರಲ್ಲ. “ನೀವು ಹೋಗಿ ಬನ್ನಿ, ನಾನಿದ್ದೇನಲ್ಲ” ಎನ್ನುತ್ತಾರೆ. ತಾಯಿಯೊಬ್ಬರನ್ನೇ ಬಿಟ್ಟು ಹೋಗಲು ಸದಾಶಿವರಿಗೆ ಮನಸ್ಸಾಗುವುದಿಲ್ಲ. ಅಲ್ಲಿಗೆ ಆ ವರ್ಷದ ಚರ್ಚೆ ಮುಗಿಯುತ್ತದೆ.

ಈ ಸಲ ಮುಗಿಯಲು ಬಿಡದವಳು ನನ್ನ ಮಗಳು ಶ್ರಾವ್ಯ. ಏಳನೇ ಕ್ಲಾಸು, ನಾಲಿಗೆ ಮಾತ್ರ ಪಿಯುಸಿ. “ಅಜ್ಜಿ ಬರದಿದ್ದರೆ ಅದು ಫ್ಯಾಮಿಲಿ ಟೂರ್ ಹೇಗೆ? ಅಜ್ಜೀ, ನಿಮಗೆ ಎಲ್ಲಿಗೆ ಹೋಗಬೇಕು ಹೇಳಿ” ಎಂದಳು.

ಅತ್ತೆ ಏನೂ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು, “ಕಾರ್ಕಳದ ಗೊಮ್ಮಟನ ಕಾಲು ನೋಡಬೇಕು” ಎಂದರು. (ನಮ್ಮ ಮನೆಯ ಮಾತು ತುಳು. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.)

ಕಾಲು ಯಾಕೆ? ತಲೆ ನೋಡಿ ಆಗಿದೆಯಂತೆ. ಗಟ್ಟಿ ಇದ್ದ ಕಾಲದಲ್ಲಿ ಅತ್ತೆ ಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ಮನೆಮನೆಗೆ ಮಾರಿದವರು. ಬೆಟ್ಟದ ಮೇಲಿನ ಸುತ್ತುಗೋಡೆಯಾಚೆ ಗೊಮ್ಮಟನ ತಲೆ, ಭುಜ ದಿನವೂ ಕಾಣುತ್ತಿತ್ತು. ಮೀನಿನ ಬುಟ್ಟಿ ಹೊತ್ತು ಅಲ್ಲಿಗೆ ಹತ್ತುವುದು ಹೇಗೆ? ಬುಟ್ಟಿ ಖಾಲಿಯಾಗುವ ಹೊತ್ತಿಗೆ ಬಸ್ಸಿನ ಹೊತ್ತು, ಬಸ್ಸು ತಪ್ಪಿದರೆ ದೀಪದ ಹೊತ್ತು. ಹೀಗೆ ವರ್ಷಗಟ್ಟಲೆ ಅರ್ಧ ಗೊಮ್ಮಟನನ್ನು ಮಾತ್ರ ನೋಡಿದ್ದರು. “ಮಂಡಿ ಇನ್ನು ಎಷ್ಟು ದಿನ ಹೇಳಿದ ಹಾಗೆ ಕೇಳುತ್ತದೋ” ಎಂದು ತಾವೇ ಸೇರಿಸಿದರು.

(ಬೆಳಿಗ್ಗೆ ಹೋಗಿ ಸಂಜೆ ಬರಬಹುದಲ್ಲ ಎನ್ನುತ್ತೀರಾ? ಒಮ್ಮೆ ಹೋಗಿದ್ದೆವು. ಊಟ ಮುಗಿಯುವ ಮೊದಲೇ ಅತ್ತೆ ಗಡಿಯಾರ ನೋಡಲು ಶುರು ಮಾಡಿದರು. ಬೆಟ್ಟದ ಬುಡದಿಂದಲೇ ವಾಪಸ್.)

ಮರುದಿನ ಹಾಸ್ಟೆಲ್‌ನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಈ ಗೋಳನ್ನು ಮಹಾದೇವಿಯ ಮುಂದೆ ತೋಡಿಕೊಂಡೆ. ಮಹಾದೇವಿ ನಮ್ಮ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವವಳು. ಬಾಗಲಕೋಟೆ ಕಡೆಯವಳು. ಗಂಡ ಬಸವರಾಜ ಗಾರೆ ಕೆಲಸದವರು. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಎರಡು ಗಂಡುಮಕ್ಕಳ ಜೊತೆ ಇದ್ದಾರೆ. ದಿನವೂ ಬಸ್ಸಿನಲ್ಲಿ ಮಣಿಪಾಲಕ್ಕೆ ಬಂದು ಹೋಗುತ್ತಾಳೆ.

“ನಮ್ದೂ ಅದ ಕಥಿ ಐತ್ರಿ ಅಕ್ಕಾರ,” ಎಂದಳು. “ಈ ಕಡಿ ಬಂದು ಇಷ್ಟ್ ವರ್ಷ ಆತು, ಸಮುದ್ರದ ದಂಡ್ಯಾಗ ಒಂದ್ ರಾತ್ರಿ ಇದ್ದಿಲ್ಲ. ಹುಡುಗ್ರು ಕೇಳ್ಕೋತ ಇರ್ತಾವು. ರೂಮಿನ ಬಾಡಿಗಿ ಕೇಳಿದ್ರ ಸಮುದ್ರನ ಬ್ಯಾಡ ಅನಸ್ತೈತಿ.”

ಆಮೇಲೆ ಅವಳೇ ತುತ್ತು ಕೈಯಲ್ಲೇ ಹಿಡಿದುಕೊಂಡು ಹೇಳಿದಳು: “ಅಕ್ಕಾರ, ನಾವು ನಿಮ್ಮ ಮನ್ಯಾಗ ಇರ್ತೀವಿ. ನೀವು ನಮ್ಮ ಮನಿಗೆ ಹೋಗ್ರಿ. ನಿಮ್ಮ ದೀಪ ನಾ ಹಚ್ತೀನಿ.”

ನೋಡಿ, ಎಷ್ಟು ಸುಲಭ. ಅವಳಿಗೆ ಬೇಕಾದ ಸಮುದ್ರ ನನ್ನ ಹಿತ್ತಲಲ್ಲಿತ್ತು, ನಮಗೆ ಬೇಕಾದ ಬೆಟ್ಟ ಅವಳ ಮನೆಯ ಬಳಿ ಇತ್ತು. ಇಷ್ಟು ವರ್ಷ ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತು ಊಟ ಮಾಡುತ್ತಿದ್ದೆವು. ಬುದ್ಧಿ ಎಲ್ಲಿ ಹೋಗಿತ್ತು?

ಸುಲಭ ಎಂದುಕೊಂಡು ಮನೆಗೆ ಬಂದರೆ, ಅತ್ತೆ ಒಪ್ಪಲಿಲ್ಲ.

“ಯಾರೋ ಎಂತವರೋ, ಗುರುತಿಲ್ಲ ಪರಿಚಯವಿಲ್ಲ. ನಮ್ಮ ದೈವಕ್ಕೆ ಬರುವುದು ತುಳು. ಅವಳು ಅದೇನೋ ಐತಿ ಹೋಗೈತಿ ಎಂದರೆ?”

“ದೀಪ ಹಚ್ಚಲು ಮಾತಾಡಬೇಕಾ ಅಜ್ಜಿ?” ಎಂದಳು ಶ್ರಾವ್ಯ.

ಅತ್ತೆ ಮೊಮ್ಮಗಳನ್ನು ಒಮ್ಮೆ ನೋಡಿ ಒಳಗೆ ಹೋದರು. ಎರಡು ದಿನ ಈ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮೂರನೇ ದಿನ ಸಂಜೆ ದೀಪ ಹಚ್ಚಿದವರು ಹೊರಗೆ ಬರಲೇ ಇಲ್ಲ. ಇಣುಕಿದರೆ ಕೈ ಮುಗಿದು ನಿಂತು ದೈವದ ಹತ್ತಿರ ರಜೆ ಕೇಳುತ್ತಿದ್ದಾರೆ. ಎಲ್ಲಿಗೆ ಹೋಗುವುದು, ಯಾವಾಗ ಬರುವುದು, ಬದಲಿಗೆ ಯಾರು ಬರುವುದು, ಎಲ್ಲ ವಿವರವಾಗಿ. ನಮ್ಮ ಹಾಸ್ಟೆಲ್‌ನಲ್ಲಿ ನಾನು ಬರೆಯುವ ರಜೆ ಅರ್ಜಿ ಅಷ್ಟು ಚೆನ್ನಾಗಿರುವುದಿಲ್ಲ. “ಅವಳು ಬೇರೆ ಊರಿನವಳು, ಭಾಷೆ ತಪ್ಪಿದರೆ ಸುಧಾರಿಸಿಕೊಳ್ಳಿ” ಎಂಬ ಶಿಫಾರಸು ಬೇರೆ.

ಹೊರಗೆ ಬಂದವರು ಹೇಳಿದ್ದು ಇಷ್ಟೆ: “ಸ್ನಾನ ಮಾಡಿ ಹಚ್ಚಬೇಕು ಅಂತ ಹೇಳು.”

ಆ ವಾರ ನಾನು ಮನೆ ತೊಳೆದ ಹಾಗೆ ಮದುವೆಯ ವರ್ಷವೂ ತೊಳೆದಿರಲಿಲ್ಲ. ಮಹಾದೇವಿಯ ಮನೆಯವರು ಮೀನು ಮುಟ್ಟುವವರಲ್ಲ. ನಮ್ಮ ಅಡುಗೆಮನೆಯ ಗೋಡೆಗೆ ಕೂಡ ಬಂಗುಡೆಯ ನೆನಪು ಉಂಟು. ಲಿಂಬೆಹುಳಿ, ಹುಣಸೆಹುಳಿ, ಸೋಪು, ಎಲ್ಲ ಆಯಿತು. ಹೊಸ ಪಾತ್ರೆ ನಾಲ್ಕು ತಂದು ಬೇರೆಯೇ ಇಟ್ಟೆ. (ನಮ್ಮ ಟೂರಿನ ದೊಡ್ಡ ಖರ್ಚು ಅದೇ.) ಬೇರೆಯವರಿಗೆ ಮನೆ ಬಿಟ್ಟುಕೊಡುವಾಗ ಸುಮ್ಮನೆ ಕೊಡಲಾಗುತ್ತದೆಯೇ? ನೀರುದೋಸೆಯ ಹಿಟ್ಟು, ಸೌತೆಕಾಯಿ ಹುಳಿ, ಕುಡಿಯಲು ಎಳನೀರಿನ ಬೊಂಡ ಇಟ್ಟು ಬಂದೆ.

ಕುಕ್ಕುಂದೂರಿನ ಮನೆಯ ಬಾಗಿಲು ತೆರೆದರೆ ಅಲ್ಲಿ ಅವಳ ಕೈಚಳಕ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿಯ ರಾಶಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ ಪಲ್ಯ. ನೆಲ ನಮ್ಮದಕ್ಕಿಂತ ಹೊಳೆಯುತ್ತಿತ್ತು. ಅಂದರೆ ಅವಳೂ ಒಂದು ವಾರ ತೊಳೆದಿದ್ದಾಳೆ. ರಜೆಗೆ ಹೊರಟ ಎರಡು ಹೆಂಗಸರು ರಜೆಗೆ ಮೊದಲೇ ಸೊಂಟ ಮುರಿದುಕೊಂಡಿದ್ದರು.

ಬ್ಯಾಗು ಬಿಚ್ಚುವಾಗ ಸದಾಶಿವರ ಪ್ಯಾಂಟಿನ ಮಡಿಕೆಯಲ್ಲಿ ಒಂದು ಸಣ್ಣ ಡಬ್ಬಿ ಸಿಕ್ಕಿತು. ಒಣ ಸೀಗಡಿಯ ಚಟ್ನಿ. ಅತ್ತೆ ಮುಚ್ಚಳ ತೆಗೆಯಲೂ ಇಲ್ಲ, ಕೈಯಲ್ಲಿ ಹಿಡಿದೇ ಗೊತ್ತಾಯಿತು.

“ಅವಳು ಅಲ್ಲಿ ನಮ್ಮ ದೈವಕ್ಕೆ ದೀಪ ಇಡುವಾಗ ನೀನು ಇಲ್ಲಿ ಅವಳ ಅಡುಗೆಮನೆಯಲ್ಲಿ ಸೀಗಡಿ ತಿನ್ನುವುದಾ?”

ಡಬ್ಬಿ ಬ್ಯಾಗಿನ ತಳ ಸೇರಿತು. ಮೀನಿನ ಟೆಂಪೋದ ಡ್ರೈವರ್ ಮರುದಿನ ಪೇಟೆಯ ಹೋಟೆಲಿನಲ್ಲಿ ಮೀನೂಟ ಮಾಡಿ, ಬಂದು ಸ್ನಾನ ಮಾಡಿ, ಒಳಗೆ ಕಾಲಿಟ್ಟರು.

ಮೊದಲ ದಿನ ಹೊತ್ತು ಇಳಿಯುತ್ತಿದ್ದಂತೆ ಅತ್ತೆಯ ಮುಖವೂ ಇಳಿಯತೊಡಗಿತು. ಕೂತರು, ಎದ್ದರು. ಬಾಗಿಲ ತನಕ ಹೋಗಿ ಚಪ್ಪಲಿ ಮೆಟ್ಟಿದರು. ಈಗ ಬಸ್ಸು ಉಂಟಾ ಎಂದು ಮಗನನ್ನು ಕೇಳಿದರು. ಆಗಿಹೋಯಿತು, ಬೆಟ್ಟದ ಬುಡದ ಕಥೆಯೇ ಮತ್ತೆ, ಎಂದುಕೊಂಡೆ. ಅಷ್ಟರಲ್ಲಿ ಫೋನು. ವಿಡಿಯೋ ಕಾಲ್. ಒದ್ದೆ ಕೂದಲಿನ ಮಹಾದೇವಿ ಫೋನನ್ನು ಆ ಕಡೆ ತಿರುಗಿಸಿದಳು. ನಮ್ಮ ದೈವದ ಕೋಣೆ. ನಮ್ಮ ದೀಪ. ಉರಿಯುತ್ತಿದೆ.

ಅತ್ತೆ ಚಪ್ಪಲಿ ಬಿಟ್ಟು ಫೋನಿಗೆ ಕೈ ಮುಗಿದರು.

“ಅಮ್ಮಾರ, ಈಗ ನಮ್ಮ ಜಗಲಿ ಮ್ಯಾಲಿನ ದೀಪ ನೀವು ಹಚ್ರಿ,” ಎಂದಳು ಮಹಾದೇವಿ. ಅವಳ ಮನೆಯ ಗೋಡೆಯ ಬಳಿ ದೇವರ ಜಗಲಿ, ಅದರ ಮೇಲೆ ಬೆಳಗಿಟ್ಟ ಹಿತ್ತಾಳೆ ದೀಪ.

ಅತ್ತೆ ಹಿಂದೆ ಸರಿದರು. “ಬೇಡ ಮಗಳೇ, ನನ್ನ ಸೊಸೆ ಹಚ್ಚಲಿ. ನನ್ನದು ಜನ್ಮವಿಡೀ ಮೀನು ಮುಟ್ಟಿದ ಕೈ.”

“ಕೈ ತೊಳಕೊಂಡ್ರ ಆತಲ್ರಿ ಅಮ್ಮಾರ.”

ಅಷ್ಟೆ. ಇದಕ್ಕಿಂತ ದೊಡ್ಡ ಶಾಸ್ತ್ರ ಅವಳಿಗೆ ಬೇಕಾಗಲಿಲ್ಲ. ಅತ್ತೆ ಕೈ ಮಾತ್ರ ತೊಳೆಯಲಿಲ್ಲ, ಸ್ನಾನವನ್ನೇ ಮಾಡಿ ಬಂದರು. ಬತ್ತಿ ಸರಿಮಾಡಿ ದೀಪ ಹಚ್ಚಿದರು. ಆಮೇಲೆ ಎರಡು ಕಡಕ್ ರೊಟ್ಟಿ ಮುರಿದು ತಿಂದು ಗಡದ್ದಾಗಿ ನಿದ್ದೆ ಮಾಡಿದರು. ಆ ರಾತ್ರಿ ಸಮುದ್ರದ ಸದ್ದಿಲ್ಲದೆ ನಿದ್ದೆ ಬಾರದವಳು ನಾನು.

ಮರುದಿನ ಗೊಮ್ಮಟಬೆಟ್ಟ ಹತ್ತಿದೆವು. ಅತ್ತೆ ಶ್ರಾವ್ಯಳ ಹೆಗಲು ಹಿಡಿದು, ನಡುನಡುವೆ ಕೂತು, ಮಂಡಿಗೆ ಬೈಯುತ್ತಾ ಹತ್ತಿದರು. ಮೇಲೆ ಗೋಡೆಯ ಬಾಗಿಲು ದಾಟಿ ಒಳಗೆ ಹೋದ ಕೂಡಲೇ ಎಲ್ಲರೂ ಮಾಡುವ ಹಾಗೆ ನಾನು ತಲೆ ಎತ್ತಿ ನೋಡಿದೆ. ಅತ್ತೆ ತಲೆ ಬಗ್ಗಿಸಿ ನೋಡಿದರು. ಆ ಬೆರಳುಗಳು, ಆ ಉಗುರು, ಆ ಹಿಮ್ಮಡಿ. ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಮುಚ್ಚಿಡುವುದೇನು?

“ಇಷ್ಟು ದೊಡ್ಡ ಕಾಲು ಇಟ್ಟುಕೊಂಡು ಎಲ್ಲಿಗೂ ಹೋಗಲಿಲ್ಲ ನೋಡು ಇವ,” ಎಂದರು ಅತ್ತೆ. “ನನ್ನ ಹಾಗೆಯೇ.”

ಗೋಡೆಯ ಹೊರಗೆ ಬಂದು ನೆರಳಿನಲ್ಲಿ ಕೂತೆವು. ಕೆಳಗೆ ಪೇಟೆ ಕಾಣುತ್ತಿತ್ತು. ಯಾವ ಬೀದಿಯಲ್ಲಿ ಬೂತಾಯಿ ಮೀನು ಕೇಳುವವರು, ಯಾವ ಬೀದಿಯಲ್ಲಿ ಚೌಕಾಸಿ ಜಾಸ್ತಿ ಎಂದು ಮೊಮ್ಮಗಳಿಗೆ ತೋರಿಸಿದರು. ಸಂಜೆಯಾಗುವಾಗ ಅತ್ತೆ ಗಡಿಯಾರ ನೋಡಿದರು. ಬಸ್ಸು ಉಂಟಾ ಎನ್ನುತ್ತಾರೆ ಎಂದುಕೊಂಡೆ. “ಇಳಿಯುವ, ಮಹಾದೇವಿಯ ಜಗಲಿಗೆ ದೀಪ ಇಡಬೇಕಲ್ಲ” ಎಂದರು.

ಟೂರ್ ಪ್ಯಾಕೇಜುಗಳಲ್ಲಿ ಬ್ರೇಕ್‌ಫಾಸ್ಟ್ ಫ್ರೀ ಇರುತ್ತದೆ, ಪಿಕಪ್ ಫ್ರೀ ಇರುತ್ತದೆ. ಹಿಂದೆ ಬಿಟ್ಟುಬಂದ ಮನೆಯಲ್ಲಿ ದೀಪ ಹಚ್ಚುವ ಸೌಲಭ್ಯ ಯಾರ ಹತ್ತಿರವೂ ಇಲ್ಲ. ನಿಮ್ಮ ಮನೆಯ ಟೂರ್ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ. ಒಬ್ಬರು ಇರುವುದಿಲ್ಲ. ದೀಪಕ್ಕೆಂದೋ, ದನಕ್ಕೆಂದೋ, ನಾಯಿಗೆಂದೋ ಮನೆಯಲ್ಲಿ ಉಳಿದವರು. ಅವರಿಗೆ ಇಷ್ಟವಿಲ್ಲ ಎಂದು ನಾವೇ ಹೇಳಿಕೊಂಡಿರುತ್ತೇವೆ. ಕೇಳಿದ್ದೇವಾ?

ಆ ಕಡೆ ಮಹಾದೇವಿಯ ಹುಡುಗರು ಅಲೆಯ ಅಂಚಿನಿಂದ ಎದ್ದೇ ಇಲ್ಲವಂತೆ. ಬಸವರಾಜ ಲೈಟ್‌ಹೌಸ್ ನೋಡಿ ಇದಕ್ಕೆ ಗಾರೆ ಮೆತ್ತಿದವ ಯಾರಪ್ಪಾ ಎಂದು ಸುತ್ತು ಹೊಡೆದರಂತೆ. ಮಹಾದೇವಿ ಬೀಚಿನಿಂದಲೇ ಬಾಗಲಕೋಟೆಯ ಊರಿನಲ್ಲಿರುವ ತನ್ನ ಅತ್ತೆಗೆ ಫೋನ್ ಮಾಡಿ ಸಮುದ್ರ ತೋರಿಸಿದಳಂತೆ. ಆ ಅಜ್ಜಿ, “ಇದರ ಆ ಕಡಿ ದಂಡಿ ಎಲ್ಲೈತಿ?” ಎಂದು ಕೇಳಿದರಂತೆ. ಒಮ್ಮೆ ಬಂದು ನೋಡ್ರಿ ಎಂದರೆ, “ನಾ ಬಂದ್ರ ಇಲ್ಲಿ ದೇವರ ಮುಂದ ದೀಪ ಹಚ್ಚವ್ರು ಯಾರು?” ಎಂದರಂತೆ.

ಇದನ್ನೆಲ್ಲ ಮಹಾದೇವಿ ಹೇಳಿದ್ದು ಭಾನುವಾರ ಸಂಜೆ, ನಮ್ಮ ಮನೆಯ ಚಿಟ್ಟೆಯ (ಬಾಗಿಲ ಬದಿಯ ಕಟ್ಟೆಯ) ಮೇಲೆ ಕೂತು. ಕೀಗಳನ್ನು ಬಸ್‌ಸ್ಟ್ಯಾಂಡಿನಲ್ಲೇ ಮತ್ತೆ ಬದಲಾಯಿಸಿಕೊಳ್ಳುವ ಪ್ಲಾನ್ ಇತ್ತು. ನಮ್ಮ ಬಸ್ಸು ಹಿರಿಯಡ್ಕದಲ್ಲಿ ಕೆಟ್ಟು ನಿಂತಿತು. ಫೋನಿನಲ್ಲಿ ಸುದ್ದಿ ಕೇಳಿ, ದೀಪದ ಹೊತ್ತು ಮೀರುತ್ತದೆ ಎಂದು ಅವಳು ತಮ್ಮ ಬಸ್ಸು ಬಿಟ್ಟು ನಮ್ಮ ಮನೆಯಲ್ಲೇ ಉಳಿದಳು. ನಾವು ಗೇಟು ತೆರೆಯುವಾಗ ಕತ್ತಲಾಗಿತ್ತು. ಒಳಗೆ ದೀಪ ಉರಿಯುತ್ತಿತ್ತು. ತಾನು ಹಚ್ಚದ ಆ ದೀಪವನ್ನು ಅತ್ತೆ ಅಂಗಳದಲ್ಲೇ ನಿಂತು ನೋಡಿದರು, ನೆಂಟರ ಮನೆಗೆ ಬಂದವರ ಹಾಗೆ.

ಆಮೇಲೆ ಮಹಾದೇವಿಯ ಪಕ್ಕ ಬಂದು ಕೂತರು. ಅವಳ ಅತ್ತೆಯ ಕಥೆಯನ್ನು ಪೂರ್ತಿ ಕೇಳಿದರು. “ಬೇಸಿಗೆ ರಜೆಗೆ ಅವರನ್ನು ಇಲ್ಲಿಗೆ ಕರೆದುಕೊಂಡು ಬಾ. ಅಲ್ಲಿಯ ದೀಪಕ್ಕೆ ನಾನು ಹೋಗುತ್ತೇನೆ,” ಎಂದರು. ನಾನೂ ಸದಾಶಿವರೂ ಮುಖ ಮುಖ ನೋಡಿಕೊಂಡೆವು. ಅತ್ತೆ ನಮ್ಮ ಕಡೆ ತಿರುಗಲೂ ಇಲ್ಲ. ಅವರಿಗೆ ಮಹಾದೇವಿಯಿಂದ ಗೊತ್ತಾಗಬೇಕಾಗಿದ್ದುದು ಒಂದೇ ವಿಷಯ:

“ಇಲ್ಲಿ ದೀಪ ಹಚ್ಚಿದ ಮೇಲೆ ಬಾಗಲಕೋಟೆಗೆ ಹೊರಡುವ ಬಸ್ಸು ಉಂಟಾ?”