ಎಣ್ಣೆ ವಾಲ್ವಿಗೆ ನೇತುಹಾಕಿದ ಊಟದ ಡಬ್ಬಿ

ದೊಡ್ಡದೊಂದು ಬೆಕ್ಕು ಗೋಡೆಯಾಚೆ ಮಲಗಿದ ಹಾಗೆ, ಗುರ್ ಗುರ್ ಗುರ್. ಕಾಗದಕ್ಕೆ ಮರದ ತಿರುಳು ತೆಗೆಯುವ ಪಲ್ಪ್ ಕಾರ್ಖಾನೆಯ ಸುಣ್ಣದ ಗೂಡು ತಿರುಗುವ ಸದ್ದದು. ಕ್ವಾರ್ಟರ್ಸಿನ ಕೊನೆಯ ಮನೆಯ ಅತ್ತೆಗೆ ಅದು ಕೇಳದಿದ್ದರೆ ನಿದ್ದೆ ಹತ್ತದು. ಸೊಸೆಗಂತೂ ಅದೇ ಅನ್ನ.

ಗೂಡೆಂದರೆ ಮಲಗಿಸಿದ ಉದ್ದನೆಯ ಕಬ್ಬಿಣದ ಕೊಳವೆ. ಒಂದು ತುದಿಯಿಂದ ಸುಣ್ಣದ ಕೆಸರು ಒಳಹೋಗುತ್ತದೆ, ಇನ್ನೊಂದು ತುದಿಯಲ್ಲಿ ಉರಿ. ಮದುವೆಯಾದ ಮರುವರ್ಷದಿಂದ ಅವಳು ಆ ಉರಿ ಕಾಯುತ್ತಿದ್ದಾಳೆ. ಬಣ್ಣ ನೋಡಿಯೇ ಸುಣ್ಣ ಬೆಂದಿತೋ ಇಲ್ಲವೋ ಹೇಳುವಳು. ಎಲ್ಲರ ಬಾಯಲ್ಲೂ ಅವಳು ಗೂಡಕ್ಕ.

ಇಷ್ಟು ದಿನ ಉರಿಗೆ ಫರ್ನೇಸ್ ಎಣ್ಣೆ ಇತ್ತು. ಈಗ ಮ್ಯಾನೇಜರು ಕಡ್ಡಿ ಮುರಿದಂತೆ ಹೇಳಿದ್ದರು: ಮರ ಸುಲಿದ ತೊಗಟೆಯನ್ನು ಒಣಗಿಸಿ, ಪುಡಿ ಮಾಡಿ ಉರಿಸಬೇಕು. ಒಂದು ಪಾಳಿ ಎಣ್ಣೆ ಮುಟ್ಟದೆ ನಡೆದರೆ ಗೂಡು ಉಳಿಯುತ್ತದೆ. ಇಲ್ಲವಾದರೆ ಮುಚ್ಚಿ, ಸುಣ್ಣ ಹೊರಗಿಂದ ತರಿಸುವುದು. ಗೂಡೇ ಇಲ್ಲದ ಮೇಲೆ ಗೂಡಕ್ಕ ಎಲ್ಲಿ?

"ಈ ಕಾಲದಲ್ಲೂ ಸೌದೆ ಒಲೆ ಊದೋಕೆ ನನ್ನ ಸೊಸೇನೇ ಬೇಕಂತೆ," ಡಬ್ಬಿ ಕಟ್ಟುತ್ತ ಅತ್ತೆ ನಕ್ಕರು. "ಮನೇಲಿ ಮಾತ್ರ ಗ್ಯಾಸ್ ಹಚ್ಚೋಕೂ ನಾನೇ."

"ನೀವು ಹಚ್ಚಿದ್ರೇನೇ ಅತ್ತೆ, ಅದು ಮಾತು ಕೇಳೋದು."

ಅವಳಿಗೆ ಭಯ ತೊಗಟೆಯದಲ್ಲ, ತನ್ನ ಬಲಗೈಯದು. ಉರಿ ತುಸು ಬಾಡಿದರೆ ಸಾಕು, ಆ ಕೈ ಹೇಳದೆ ಕೇಳದೆ ಎಣ್ಣೆ ವಾಲ್ವಿಗೆ ಹೋಗುತ್ತಿತ್ತು. ಅದಕ್ಕೇ ಪರೀಕ್ಷೆಯ ದಿನ ಪಾಳಿಗೆ ಬಂದವಳೇ ಊಟದ ಡಬ್ಬಿಯನ್ನು ವಾಲ್ವಿನ ಚಕ್ರಕ್ಕೆ ನೇತುಹಾಕಿದಳು.

"ಇದೇನಕ್ಕ, ವಾಲ್ವಿಗೂ ಹಸಿವಾ?" ಎಂದಳು ಹೊಸ ಎಂಜಿನಿಯರ್ ಹುಡುಗಿ.

"ಕಾವಲು ಮೇಡಂ. ಕಳ್ಳಿ ನಾನೇ."

ಅಷ್ಟರಲ್ಲಿ ಮ್ಯಾನೇಜರು ಫೋಟೋದವನನ್ನು ಕರೆತಂದರು. "ಕೂಸು ಹುಟ್ಟೋ ಮುಂಚೆ ಕುಲಾವಿ ಯಾಕೆ ಸಾರ್?" ಎಂದು ಅವಳು ಉರಿ ನೋಡುವ ಕಿಂಡಿಯ ಕಪ್ಪು ಗಾಜಿಗೆ ಕಣ್ಣಿಟ್ಟಳು.

ಎಣ್ಣೆಯ ಉರಿ ಈಟಿಯಂತೆ ನೆಟ್ಟಗೆ. ತೊಗಟೆಯದು ಸೋಮಾರಿ, ಮೈ ಚಾಚಿ ಮಲಗುತ್ತದೆ. ಮಧ್ಯಾಹ್ನ ಅದು ಕೆಂಪಾಗಿ ಕುಗ್ಗಿತು. ಕೈ ಹೊರಟೇಬಿಟ್ಟಿತು. ಡಬ್ಬಿ ಢಣ್ ಎಂದಿತು. ಕೈ ವಾಪಸು ಬಂತು.

"ಅಕ್ಕ, ಎಣ್ಣೆ ಬಿಡೋಣ್ವಾ?"

"ಬೇಡ ಮೇಡಂ. ಉರಿ ಸತ್ತಿಲ್ಲ, ಪುಡಿ ಬರ್ತಿಲ್ಲ ಅಷ್ಟೇ."

"ಹಾಗಾದ್ರೆ ಮೇಲೆ ಕಟ್ಕೊಂಡಿರುತ್ತೆ!" ಹುಡುಗಿ ಏಣಿ ಹತ್ತಿ ಓಡಿದಳು. ಪುಡಿಯ ತೊಟ್ಟಿಗೆ ಸುತ್ತಿಗೆಯ ಪೆಟ್ಟು ಬೀಳುವುದು ಕೇಳಿತು. ಕೆಳಗೆ ಇವಳು ಗಾಳಿ ತಗ್ಗಿಸಿ, ಹಣತೆಗೆ ಅಂಗೈ ಅಡ್ಡ ಹಿಡಿದಂತೆ ಉರಿಯನ್ನು ಕಾದಳು. ಕಟ್ಟಿಕೊಂಡಿದ್ದ ತೇವದ ಗಂಟು ಕಳಚಿತು. ಉರಿ ಹಳದಿಗೆ ತಿರುಗಿ, ಮತ್ತೆ ಮೈ ಚಾಚಿತು.

"ಊಟ ಮಾಡಲ್ವಾ ಅಕ್ಕ?" ಹುಡುಗಿ ಮೇಲಿಂದಲೇ ಕೂಗಿದಳು.

"ಕಾವಲುಗಾರನ್ನೇ ತಿಂದ್ಬಿಟ್ರೆ ಹೇಗೆ?"

ಪಾಳಿ ಮುಗಿದ ಸೈರನ್ ಕೂಗಿದಾಗ ಎಣ್ಣೆ ಮೀಟರಿನ ಮುಳ್ಳು ಬೆಳಿಗ್ಗೆ ಇದ್ದಲ್ಲೇ ಇತ್ತು. ಗೂಡು ಉಳಿಯಿತು. ಏಣಿಯಿಂದ ಇಳಿದ ಹುಡುಗಿ ಅವಳನ್ನು ತಬ್ಬಿಕೊಂಡಳು. ಇಬ್ಬರ ಮುಖಕ್ಕೂ ತೊಗಟೆ ಪುಡಿ.

"ಈಗಲಾದ್ರೂ ಫೋಟೋಗೆ ನಿಲ್ಲಿಯಮ್ಮ," ಎಂದರು ಮ್ಯಾನೇಜರು. "ಒಂದೆರಡು ಮಾತೂ ಹೇಳಿ. ಹೇಗೆ ಉರಿಸಿದ್ರಿ?"

"ಉರಿದದ್ದು ತೊಗಟೆ ಸಾರ್, ನಾನು ಸುಮ್ನೆ ನಿಂತಿದ್ದೆ. ಕಷ್ಟ ಏನಂದ್ರೆ, ಸುಮ್ನೆ ನಿಲ್ಲೋದನ್ನ ಈ ಕೈಗೆ ಕಲಿಸೋದು..." ಎನ್ನುತ್ತಿದ್ದವಳು ತಟ್ಟನೆ ಗೂಡಿನ ಬದಲಾದ ಸದ್ದಿಗೆ ಕಿವಿಗೊಟ್ಟು, ಮಾತನ್ನು ಅಲ್ಲೇ ಬಿಟ್ಟು, ಕಿಂಡಿಯ ಕಡೆ ನಡೆದೇಬಿಟ್ಟಳು.